ಮೊದಲು ಇಳಿದವನು

“ಬಡ್ತಿ ಒಂದು ಆಗ್ಲಿ, ನಾನೇ ಎಲ್ಲಾ ಹೇಳ್ತೀನಿ” ಎಂದು ಹಿಂದೊಮ್ಮೆ ಗೆಳೆಯನಿಗೆ ಮಾತು ಕೊಟ್ಟಿದ್ದ ಪೈಲಟ್, ಈಗ ಅದೇ ಗೆಳೆಯನ ಹೆಣದ ಮುಂಭಾಗ ಹಿಡಿದು ಮೆಟ್ಟಿಲಿಳಿಯುತ್ತಿದ್ದ. ಹಿಂದಿದ್ದವನು ಎಡವಿದ. ಹೆಣ ವಾಲಿತು.

“ಅಯ್ಯೋ, ಇಲ್ಲಿ ಮೆಟ್ಟಿಲು ಮುರಿದಿದೆಯಲ್ರೀ! ಮುಂದಿರೋರಿಗೆ ಬಾಯಿಲ್ವಾ?” ಹಿಂದಿದ್ದ, ಸತ್ತವನ ಭಾವಮೈದ ರೇಗಿದ.

“ಅಪ್ಪ ಆಗಿದ್ರೆ ಬಿಡ್ತಿರ್ಲಿಲ್ಲ,” ಎಂದಳು ಮಗಳು. “ಬಚ್ಚಲು ಜಾರುತ್ತೆ ಅಂತ ಮೊದಲು ಹೋದೋರು ಹಿಂದಿನೋರಿಗೆ ಹೇಳದಿದ್ರೆ ಆವತ್ತು ಕಾಫಿ ಇಲ್ಲ.”

ಯಾರೋ ನಕ್ಕು, ಅದನ್ನು ಮುಚ್ಚಲು ಕೆಮ್ಮಿದರು.

“ಊರಿಗೆಲ್ಲ ಹೇಳೋನು ವಿಮಾನ ನಿಲ್ದಾಣದ ಟವರಲ್ಲಿ ತೂಕಡಿಸಿ ಕೆಟ್ಟ,” ಎಂದ ಭಾವಮೈದ. “ಇಲ್ದಿದ್ರೆ ಮೈಕ್ ಕಿತ್ಕೊಂಡು ಉಗ್ರಾಣಕ್ಕೆ ಯಾಕೆ ಹಾಕ್ತಿದ್ರು?”

“ನಿದ್ದೆ ಬಂದಿರ್ಲಿಲ್ಲ ಕಣೇ ಅಂತಿದ್ರು,” ಹೆಂಡತಿ ಯಾರ ಮುಖವನ್ನೂ ನೋಡದೆ ಹೇಳಿದಳು. “ಮತ್ತೇನಾಯ್ತು ಅಂದ್ರೆ ಮಾತೇ ಇಲ್ಲ. ನಾನು ಯಾವುದನ್ನ ನಂಬ್ಲಿ?”

*

ಬಹಳ ವರ್ಷಗಳ ಹಿಂದೆ, ಅಂದು ಪೈಲಟ್‌ನ ಪಕ್ಕದಲ್ಲಿ ಬಡ್ತಿಯ ಪರೀಕ್ಷಕ ಕೂತಿದ್ದ. ನೆಲ ಮುಟ್ಟುವ ಹೊತ್ತಿಗೆ ವಿಮಾನವನ್ನು ಯಾರೋ ಧಡಾರನೆ ಪಕ್ಕಕ್ಕೆ ಎಸೆದಂತಾಯಿತು. ಗಾಳಿಯೋ, ತನ್ನ ಕೈತಪ್ಪೋ? ಗೊತ್ತಾಗಲಿಲ್ಲ. ಗಾಳಿ ಎಂದರೆ ನೆಪ ಹೇಳಿದಂತಾಗುತ್ತದೆ ಎನಿಸಿತು. ಇಳಿದವರು ಗಾಳಿಯ ಸುದ್ದಿ ಟವರಿಗೆ ಹೇಳಬೇಕು, ಟವರು ಹಿಂದಿನವರಿಗೆ ದಾಟಿಸಬೇಕು. ಅವನು ಹೇಳಲಿಲ್ಲ. ಗೆಳೆಯ ತಾನೇ, ಗಾಳಿ ಇದ್ದರೆ ಹೇಳುತ್ತಿದ್ದ ಎಂದು ಟವರಿನಲ್ಲಿದ್ದ ಗೆಳೆಯನೂ ಕೇಳಲಿಲ್ಲ.

ಹಿಂದಿನ ವಿಮಾನವನ್ನು ಅದೇ ಗಾಳಿ ರನ್‌ವೇ ಪಕ್ಕದ ಹುಲ್ಲಿನಾಚೆಗೆ ಎಸೆಯಿತು. ಹಲವರ ಮೂಳೆ ಮುರಿಯಿತು.

ಕ್ಯಾಂಟೀನಿನಲ್ಲಿ ಪೈಲಟ್ ಅತ್ತು ಮಾತು ಕೊಟ್ಟ. “ಸರಿ, ನೀನೇ ಹೇಳು, ಕಾಯ್ತೀನಿ,” ಎಂದ ಗೆಳೆಯ. ವಿಚಾರಣೆಯಲ್ಲಿ, ನಿದ್ದೆ ಹೋಗಿದ್ದೆಯಾ ಎಂದು ಕೇಳಿದ್ದಕ್ಕೂ ಗೆಳೆಯ ಹೌದೆಂದು ತಲೆಯಾಡಿಸಿದ. ಪೈಲಟ್ಟಿಗೆ ಬಡ್ತಿಯಾಯಿತು. ಆಮೇಲೆ ಮದುವೆ, ಮಕ್ಕಳು, ನಿವೃತ್ತಿ.

*

ಹೆಣವನ್ನು ಗಾಡಿಗೆ ಏರಿಸಿದರು. ಹೆಂಡತಿ ಪೈಲಟ್‌ನ ಹತ್ತಿರ ಬಂದಳು.

“ಆವತ್ತು ಮೊದಲು ಇಳಿದೋರು ನೀವಂತೆ. ಗಾಳಿ ಇತ್ತಾ? ಇತ್ತು ಅಂದ್ರೆ ಇವರು ಹಿಂದಿನೋರಿಗೆ ಯಾಕೆ ಹೇಳ್ಲಿಲ್ಲ? ನಿಜ ಹೇಳಿ. ನಿದ್ದೆ ಮಾಡಿದ್ರು ಅಂದ್ರೂ ಪರವಾಗಿಲ್ಲ, ನಂದೊಂದು ಗೊಂದಲ ಕಳೀಲಿ.”

ಭಾವಮೈದ ಕಿವಿಗೊಟ್ಟ. ಮಗಳೂ ತಿರುಗಿ ನೋಡಿದಳು.

“ಅಷ್ಟು ಹಿಂದಿನ ಗಾಳಿ ಯಾರಿಗೆ ನೆನಪಿರುತ್ತೆ, ಅತ್ತಿಗೆ?”

“ಅದೂ ನಿಜಾನೇ,” ಎಂದು ಅವಳು ಗಾಡಿ ಹತ್ತಿದಳು.

ರಸ್ತೆಯಲ್ಲಿ ಗಾಳಿ ಎದ್ದು ಹೆಣದ ಹೊದಿಕೆ ಪಟಪಟ ಹಾರತೊಡಗಿತು. ಪಕ್ಕದಲ್ಲಿ ಕೂತಿದ್ದ ಪೈಲಟ್ ಬಗ್ಗಿ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ.