ಕರ್ಬಲಾಯಿಯ ಸುತ್ತುದಾರಿ

ಹಲ್ವಾ ತಿರುವುತ್ತಿದ್ದ ರೈಹಾನಾಳನ್ನು ಕಾಡುತ್ತಿದ್ದದ್ದು ಸಾವಲ್ಲ, ನಾಯಿ. ಬೆಳಿಗ್ಗೆ ಡೈರಿಯಲ್ಲಿ, ‘ಕರ್ಬಲಾಯಿ ಹೋದರು. ನನಗೆ ಅಳುವಿಗಿಂತ ಮೊದಲು ಆ ನಾಯಿಯ ನೆನಪಾಯಿತು. ಎಂಥವಳು ನಾನು’ ಎಂದು ಬರೆದು, ಯಾರಾದರೂ ಓದಿಯಾರೆಂದು ಹಾಳೆಯನ್ನು ಮಡಚಿಟ್ಟು ಬಂದಿದ್ದಳು.

“ತಳ ಹಿಡೀತಿದೆ ಕಣೇ! ಬಿ.ಎ. ಮಾಡಿದೋರ ಕೈಗೆ ಸೌಟು ಕೊಟ್ರೆ ಹೀಗೇ,” ಎಂದು ಪಕ್ಕದ ಮನೆಯ ಗುಲ್‌ಶಾ ಸೌಟು ಕಿತ್ತುಕೊಂಡಳು.

ಅಂಗಳದಲ್ಲಿ ಗಂಡಸರು ಜನಾಜಾವನ್ನು ಯಾವ ದಾರಿಯಲ್ಲಿ ಒಯ್ಯಬೇಕೆಂದು ವಾದಿಸುತ್ತಿದ್ದರು. ಕಬರಸ್ಥಾನಕ್ಕೆ ನೇರ ದಾರಿ ಹತ್ತೇ ನಿಮಿಷ. ಆದರೆ ಆ ದಾರಿಯಲ್ಲಿ ಹಸಿರು ಗೇಟಿನ ಬಂಗಲೆ, ಬಂಗಲೆಯಲ್ಲಿ ನಾಯಿ. ನಿರಾಶ್ರಿತರಾಗಿ ಪರದೇಶದ ಚಿಸಾರುವಾ ಎಂಬ ಈ ಗುಡ್ಡದೂರಿಗೆ ಬಂದು ಹನ್ನೊಂದು ವರ್ಷವಾದರೂ, ಕರ್ಬಲಾ ಯಾತ್ರೆ ಮಾಡಿದ್ದಕ್ಕೆ ಕರ್ಬಲಾಯಿ ಎನಿಸಿಕೊಂಡ ಸಖೀದಾದ್ ಒಮ್ಮೆಯೂ ಆ ಗೇಟು ದಾಟಿದವರಲ್ಲ. ಮಳೆಯಿರಲಿ ಬಿಡಲಿ, ಕೊಡೆ ಹಿಡಿದು ಚಹಾ ತೋಟ ಸುತ್ತಿ ಮಸೀದಿಗೆ ಹೋಗುತ್ತಿದ್ದರು. ಕೊಡೆ ನಾಯಿಗಾಗಿ.

“ಸುತ್ತಿದ್ರೆ ನಲವತ್ತು ನಿಮಿಷ ಆಗುತ್ತೆ ಖಾಲಾ, ಅದೂ ಏರುದಾರಿ,” ಎಂದು ಯಾರೋ ಕಿಟಕಿಯಿಂದ ಗೊಣಗಿದರು.

ಗೋಡೆಗೊರಗಿದ್ದ ವಿಧವೆ ನೇಕ್‌ಬಖ್ತ್ ತಲೆ ಎತ್ತಿದಳು. “ತೋಟದ ಮೇಲೇ ಹೋಗಿ. ಆ ಗೇಟಿನ ಮುಂದೆ ಹೋದ್ರೆ ಎದ್ದು ಓಡ್ತಾರೆ. ಆಮೇಲೆ ಹಿಡಿಯೋಕೆ ನಿಮ್ಮ ಕೈಲಿ ಆಗಲ್ಲ.”

ಅಳುತ್ತಿದ್ದ ಹೆಂಗಸರು ಚಾದರದೊಳಗೇ ನಕ್ಕರು. ರೈಹಾನಾ ಮಾತ್ರ ಗಡಿಯಾರ ನೋಡಿದಳು. ಒಂಬತ್ತಕ್ಕೆ ಕೆನಡಾದವರು ಫೋನಿನಲ್ಲಿ ಮುಖ ತೋರಿಸಿ ಸಂತಾಪ ಹೇಳುವವರಿದ್ದರು. ಅದನ್ನು ಅನುವಾದಿಸಬೇಕಾದವಳು ಅವಳೇ.

*

ಎರಡು ವರ್ಷದ ಹಿಂದೆ, ಕೆನಡಾದ ಒಂದು ಚಿಕ್ಕ ಊರಿನ ಐದು ಮಂದಿ ಸೇರಿ ಈ ಗಂಡಹೆಂಡಿರನ್ನು ಕರೆಸಿಕೊಳ್ಳಲು ಜಾಮೀನು ನಿಲ್ಲುತ್ತೇವೆಂದು ಬರೆದಿದ್ದರು. ಅವರಲ್ಲಿ ಹಿರಿಯಳಾದ ಡೊರೀನ್ ಮೊದಲ ಪತ್ರದಲ್ಲೇ ಕೇಳಿದ್ದಳು: ನಮ್ಮ ಮನೆಯಲ್ಲಿ ಡೇಸಿ ಎಂಬ ನಾಯಿಯಿದೆ, ನಿಮಗೆ ತೊಂದರೆಯಿಲ್ಲ ತಾನೆ?

ಕರ್ಬಲಾಯಿ ತಂದೂರಿಗೆ ಬಗ್ಗಿ, ಉಬ್ಬದ ರೊಟ್ಟಿಗೆ ಅದರ ವಂಶವನ್ನೆಲ್ಲ ಸೇರಿಸಿ ಬೈಯುತ್ತಿದ್ದರು. ಪತ್ರ ಓದಿ ಹೇಳಿದ ರೈಹಾನಾಳಿಗೆ ಬಗ್ಗಿದಲ್ಲಿಂದಲೇ ಹೇಳಿದರು: “ಬರಿ. ನಾಯಿ ಇರೋ ಊರಿಗೆ ನಾನು ಕಾಲಿಡಲ್ಲ. ಹಿಮಾನೂ ಬೇಡ. ಅದನ್ನೂ ಬರಿ.”

ಅದೇ ತಿಂಗಳು ಕೆಳಗಿನ ಬೀದಿಯ ಒಂದು ಕುಟುಂಬಕ್ಕೆ ಜಾಮೀನುದಾರರು ಕಾರಣ ಹೇಳದೆ ಕೈಬಿಟ್ಟಿದ್ದರು. ಅಂಗಡಿಯಲ್ಲಿ ಉಪ್ಪು ಕೇಳಲೂ ನಾಚುತ್ತಿದ್ದ ರೈಹಾನಾಗೆ, ಇನ್ನೊಬ್ಬರ ಹೆಸರಿನಲ್ಲಿ ಪೆನ್ನು ಹಿಡಿದರೆ ಎಲ್ಲಿಲ್ಲದ ಧೈರ್ಯ. ‘ನಾಯಿಗಳೆಂದರೆ ನನಗೆ ಪ್ರಾಣ. ಹಿಮ ನೋಡುವುದೇ ನನ್ನ ಕನಸು. ನಾನು ಹಿಟ್ಟು ನಾದುವಾಗ ಹಾಡುತ್ತೇನೆ’ ಎಂದು ಬರೆದಳು.

ಕೆಂಪು ಸ್ವೆಟರ್ ತೊಟ್ಟ ಡೇಸಿಯ ಫೋಟೊ ಬಂತು.

“ಇದ್ಯಾಕೆ ಕಳಿಸಿದಾರೆ?”

“ಅಲ್ಲಿ... ಎಲ್ಲರಿಗೂ ಕಳಿಸ್ತಾರೆ ಕರ್ಬಲಾಯಿ.”

ಕೆನಡಾದಿಂದ ಬಂದ ಕಾಗದ, ಎಸೆಯುವಂತಿಲ್ಲ. ಅವರು ಅದನ್ನು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಫೈಲಿನ ತಳಕ್ಕೆ ಸೇರಿಸಿ, ಹೋಗಿ ಕೈ ತೊಳೆದುಕೊಂಡಿದ್ದರು.

*

ಒಂಬತ್ತಕ್ಕೆ ಸರಿಯಾಗಿ ಡೊರೀನ್ ತೆರೆಯ ಮೇಲೆ ಬಂದಳು. ಬಿಳಿಕೂದಲು, ಕೆಂಪಾದ ಮೂಗು. ತೆರೆಯ ಕೆಳಗಿನ ಅಂಚಿನಲ್ಲಿ ಎರಡು ಕಂದು ಕಿವಿಗಳು.

ಡೊರೀನ್ ಹಾಳೆ ಹಿಡಿದು ಓದಿದಳು. ಅವರು ಹಿಟ್ಟಿನ ಜೊತೆ ಹಾಡುತ್ತಿದ್ದರು. ಹಿಮಕ್ಕಾಗಿ ಕಾದರು. ನಮ್ಮ ನಾಯಿ ಡೇಸಿಯನ್ನು ಕಾಣದೆಯೇ ಅಷ್ಟೊಂದು ಪ್ರೀತಿಸಿದರು.

“ಏನಂತೆ?” ಎಂದಳು ಗುಲ್‌ಶಾ.

ರೈಹಾನಾ ತೆರೆಯನ್ನೇ ನೋಡುತ್ತ ಹೇಳಿದಳು. “ಅವರಿಗೆ ಮುಂಗೋಪ. ಆದ್ರೆ ಒಬ್ಬರನ್ನೂ ಹಸಿದು ಕಳಿಸ್ತಿರಲಿಲ್ಲ ಅಂತಿದಾರೆ.”

“ಅಯ್ಯೋ, ಕಣ್ಣಾರೆ ಕಂಡ ಹಾಗೆ ಹೇಳ್ತಿದಾಳಲ್ಲ! ನಂಗೆ ಕರಕಲು ರೊಟ್ಟಿ ಎಸೆದಿದ್ದೂ ಗೊತ್ತಾ ಕೇಳು.”

ಡೊರೀನ್ ಕಣ್ಣೊರೆಸಿಕೊಂಡು ಮುಂದುವರಿಸಿದಳು. ನೇಕ್‌ಬಖ್ತ್ ಹೆಸರಿನಲ್ಲಿ ಕಡತ ಮುಂದುವರಿಸುತ್ತೇವೆ, ಅವರು ಒಪ್ಪಿದರೆ ಸಾಕು. ಮತ್ತೆ, ಪತ್ರಗಳಲ್ಲಿ ಬರೆಯದೆ ಉಳಿದದ್ದೇನಾದರೂ ಇದ್ದರೆ ಹೇಳಿ, ನಮಗೆ ಅವರನ್ನು ಇನ್ನಷ್ಟು ತಿಳಿಯುವ ಆಸೆ.

ರೈಹಾನಾ ಮೊದಲನೆಯದನ್ನಷ್ಟೇ ಅನುವಾದಿಸಿದಳು. ಹೆಂಗಸರು ದೇವರನ್ನು ನೆನೆದರು. ನೇಕ್‌ಬಖ್ತ್ ಮಾತ್ರ ಅವಳ ತೋಳು ಹಿಡಿದು ಹತ್ತಿರಕ್ಕೆಳೆದಳು. ಸಂದರ್ಶನಕ್ಕೆಂದು ರೈಹಾನಾಳೇ ಕಲಿಸಿದ ಇಪ್ಪತ್ತು ಇಂಗ್ಲಿಷ್ ಪದಗಳು ಅವಳಿಗೆ ಬಾಯಿಪಾಠವಾಗಿದ್ದವು.

“ಆಗ್ಲೇ ಡಾಗ್ ಅಂದ್ಲು. ಲವ್ ಅಂದ್ಲು. ಮುಂಗೋಪಕ್ಕೂ ರೊಟ್ಟಿಗೂ ಆ ಪದಗಳು ಯಾಕೆ ಬೇಕು?”

ರೈಹಾನಾ ತೋಳು ಬಿಡಿಸಿಕೊಳ್ಳಲು ನೋಡಿದಳು.

“ಕಾಗದ ಬರೆದೋಳು ನೀನು. ನಮ್ಮ ಯಜಮಾನರನ್ನ ಏನು ಮಾಡಿಟ್ಟಿದೀಯೆ?”

“ಖಾಲಾ... ನಿಮ್ಮ ಕಡತ... ಈಗೇನಾದ್ರೂ ಅಂದ್ರೆ ಅವರು...”

“ನಲವತ್ತಾರು ವರ್ಷ ಆ ಮನುಷ್ಯನ ಬೈಗುಳ ಕೇಳಿದೀನಿ ಮಗಳೇ. ಆಯಮ್ಮ ಅಲ್ಲಿ ಯಾರಿಗೋ ಅಳ್ತಿದಾಳೆ. ಅಳೋದಾದ್ರೆ ನನ್ನ ಗಂಡನಿಗೆ ಅಳಲಿ. ನಾನು ಅಲ್ಲಿಗೆ ಹೋಗಿ ಸಾಯೋವರೆಗೂ ಯಾವನೋ ನಾಯಿ ಮುದ್ದಾಡೋನ ಹೆಂಡ್ತಿಯಾಗಿ ಇರಬೇಕಾ?”

ರೈಹಾನಾ ಫೋನನ್ನು ಮುಖದೆದುರು ಹಿಡಿದಳು. ಇಷ್ಟು ಜನರೆದುರು ಅವಳು ಎಂದೂ ತನ್ನ ಮಾತು ಆಡಿದವಳಲ್ಲ. ಹೊರಗೆ ಗಂಡಸರು ಸುತ್ತುದಾರಿಗೆ ಹೆಗಲು ಬದಲಾಯಿಸುವ ಸರದಿ ಹಂಚಿಕೊಳ್ಳುತ್ತಿದ್ದರು.

“ಡೊರೀನ್,” ಎಂದಳು. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿಯೇ ಬಂತು. “ಅವರಿಗೆ ನಾಯಿ ಅಂದ್ರೆ ಭಯ. ತುಂಬಾ ಭಯ. ಇವತ್ತು ಅವರ ಹೆಣವನ್ನೂ ನಾಯಿಯಿಲ್ಲದ ದಾರಿಯಲ್ಲೇ ಒಯ್ತಾರೆ. ಪತ್ರದಲ್ಲಿ ಇದ್ದದ್ದು ಅವರಲ್ಲ, ನಾನು.”

ಡೊರೀನ್ ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟಳು. ಆಮೇಲೆ ತೆರೆಯ ಅಂಚಿಗೆ ಒಂದು ಸುಕ್ಕುಗಟ್ಟಿದ ಕೈ ಇಳಿದು ಬಂತು. ಆ ಎರಡು ಕಂದು ಕಿವಿಗಳ ಮೇಲೆ ಮೆಲ್ಲನೆ ಕೂತು, ಅವನ್ನು ಕಾಣದಂತೆ ಕೆಳಕ್ಕೆ ಒತ್ತಿ ಹಿಡಿಯಿತು.