ಒರೆಸಿಹಾಕಿದ ಟಕ್ ಟಕ್

ಜಲಾಂತರ್ಗಾಮಿ ನೀರಿನಿಂದ ಮೇಲೇಳಬೇಕಾದರೆ ಅದರ ಹೊಟ್ಟೆಯೊಳಗಿನ ಉಕ್ಕಿನ ಸಿಲಿಂಡರುಗಳಲ್ಲಿ ಅದುಮಿಟ್ಟ ಗಾಳಿಯೇ ಗತಿ. ಅವುಗಳಲ್ಲಿ ಹಳೆಯದೊಂದಕ್ಕೆ ಕೂದಲೆಳೆಯಷ್ಟು ಬಿರುಕಿತ್ತು. ಬಿರುಕು ಇದ್ದಷ್ಟೇ ಇದ್ದರೆ ಅಡ್ಡಿಯಿಲ್ಲ, ಬೆಳೆದರೆ ಕಷ್ಟ. ಗಾಳಿ ತುಂಬುವಾಗ ಬೆಳೆಯುವ ಬಿರುಕು ಚಟ್ ಎನ್ನುತ್ತದೆ. ಉಕ್ಕಿಗೆ ಸೆನ್ಸರು ಅಂಟಿಸಿ, ಹೆಡ್‌ಫೋನು ಹಾಕಿಕೊಂಡು ಆ ಸದ್ದನ್ನು ಹಿಡಿದು ಮುದ್ರಿಸಿಕೊಳ್ಳುವುದು ಅವಳ ಕೆಲಸ. ಹಡಗುಕಟ್ಟೆಯಲ್ಲಿ ಎಲ್ಲರಿಗೂ ಅವಳು ಕಿವಿಯಕ್ಕ.

ಗಂಡ ಅಲ್ಲೇ ಮೆಕ್ಯಾನಿಕ್. ಪರೀಕ್ಷೆಯ ಹೊತ್ತಿನಲ್ಲಿ ಸಿಲಿಂಡರನ್ನು ಯಾರೂ ಮುಟ್ಟಬಾರದು. ಈ ಮಹಾಶಯನೋ, ಹೆಂಡತಿ ಕೇಳುತ್ತಿದ್ದಾಳೆಂದು ಗೊತ್ತಿದ್ದೇ ಬೆರಳ ಗೆಣ್ಣಿನಿಂದ ಟಕ್ ಟಕ್ ತಟ್ಟುತ್ತಿದ್ದ. ಮನೆಗೆ ಬಂದವನ ಬೆವರಿಳಿಸುತ್ತಿದ್ದಳು.

"ನಿಮ್ಮ ಮಂಗಾಟದಿಂದ ನನ್ನ ಕೆಲಸ ಕೆಡತ್ತೆ ಕಣ್ರೀ!"

"ದಿನವಿಡೀ ಆ ಬಿರುಕಿನ ಮಾತೇ ಕೇಳ್ತೀಯ. ನಂದೂ ಸ್ವಲ್ಪ ಕೇಳೇ," ಎಂದು ಅವನು ಹಲ್ಲು ಕಿರಿಯುತ್ತಿದ್ದ.

ಬೇಡದ ಸದ್ದೆಂದು ಅವಳು ಪ್ರತಿ ಸಲವೂ ಅದನ್ನು ಧ್ವನಿಮುದ್ರಣದಿಂದ ಒರೆಸಿಹಾಕುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ಮತ್ತೆ ಏಳಲಿಲ್ಲ.

ಮನೆಯಲ್ಲಿ ಈ ಜಗಳವನ್ನೆಲ್ಲ ಕೇಳಿಸಿಕೊಂಡಿದ್ದ ಅತ್ತೆಗೆ ಕಣ್ಣು ಮಂಜಾಗಿತ್ತು. "ಫೋಟೋ ನಂಗೆ ಕಾಣಲ್ಲ ಕಣಮ್ಮಾ. ಚಿಕ್ಕೋನಿದ್ದಾಗಿಂದ ಬಾಗಿಲೂ ಹಾಗೇ ತಟ್ತಿದ್ದ ಅವನು. ನಿನ್ನ ಮಿಷನ್ನಲ್ಲಿ ಅದು ಇರುತ್ತಲ್ಲ, ಒಂದು ಸಲ ಕೇಳಿಸು."

ಅವಳು ವರ್ಷಗಳ ಧ್ವನಿಮುದ್ರಣವನ್ನೆಲ್ಲ ಜಾಲಾಡಿದಳು. ಒಂದೇ ಒಂದು ಟಕ್ ಕೂಡ ಉಳಿದಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಕ್ಕೆ ತನ್ನ ಮೇಲೆಯೇ ಅವಳಿಗೆ ರೇಗಿಹೋಯಿತು.

ಆ ವಾರದ ಪರೀಕ್ಷೆಯಲ್ಲಿ ಹಳೆಯ ಸಿಲಿಂಡರು ಚಟ್ ಚಟ್ ಎಂದಿತು. "ಬಿರುಕು ಬೆಳೆದಿದೆ. ಗಾಳಿ ಇಳಿಸಿ, ಇದನ್ನ ಕಳಚಿಬಿಡಿ," ಎಂದು ಹೇಳಿ ಎದ್ದಳು. ಆಮೇಲೆ ಆ ಸದ್ದಿನ ತುಣುಕನ್ನು ಕದ್ದು ಫೋನಿಗೆ ಹಾಕಿಕೊಂಡಳು.

ಮನೆಯಲ್ಲಿ ಅತ್ತೆಯ ತಲೆಗೆ ಹೆಡ್‌ಫೋನು ತೊಡಿಸಿದಳು. ಒಂದು ಸದ್ದನ್ನು ಇನ್ನೊಂದೆಂದು ಜನ್ಮದಲ್ಲಿ ಹೇಳದಿದ್ದವಳು, "ಇವರೇ ಅತ್ತೆ," ಎಂದಳು.

ಮುದುಕಿಯ ಮುಖ ಅರಳಿತು. "ನನ್ನ ಮಗನೇ! ಅದೇ ಗತ್ತು ನೋಡು!" ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ನಗುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹೆಡ್‌ಫೋನು ತೆಗೆದು, ತಡಕಾಡಿ ಸೊಸೆಯ ತಲೆಗೆ ಹಾಕಿದರು.

"ನೀನೂ ಕೇಳು ಕಂದಾ. ನಿನ್ನನ್ನೇ ಕರೀತಿದ್ದಾನೆ, ಪಾಪ."

ಅವಳ ಕಿವಿಯಲ್ಲಿ ಉಕ್ಕು ಸೀಳುತ್ತಿತ್ತು, ಇನ್ನೇನೂ ಇರಲಿಲ್ಲ.

"ಹೌದತ್ತೆ, ಕೇಳ್ತಿದೆ," ಎಂದವಳೇ ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು.