ಕಡಬ ಮೊದಲೋ, ಪುತ್ತೂರು ಮೊದಲೋ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಪುತ್ತೂರಿನ ಪಕ್ಕದ ಕಬಕದ ಗೌರೀಶಂಕರ ಭಟ್ಟರನ್ನೇ ನೋಡಿ. ಪೈಪು, ಪಂಪುಗಳ ಅಂಗಡಿ ಚೆನ್ನಾಗಿ ನಡೆಯುತ್ತದೆ. ಸಹಕಾರಿ ಸಂಘದ ಚುನಾವಣೆಯಲ್ಲಿ ನಿಂತಾಗಲೆಲ್ಲ ಗೆದ್ದವರು. ಬಿಪಿ ಇಲ್ಲ, ಶುಗರ್ ಇಲ್ಲ. ಆದರೂ ಈಚೆಗೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಕಾರಣ, ಕಡಬದ ಒಬ್ಬಳು ಹುಡುಗಿ. ಛೇ, ನೀವು ಅಂದುಕೊಂಡ ಹಾಗೆ ಅಲ್ಲ!

ಯಾರು ಬೇಕಾದರೂ ಬರೆಯಬಹುದಾದ ಆನ್‌ಲೈನ್ ವಿಶ್ವಕೋಶವೊಂದಿದೆ. ಅದರಲ್ಲಿ ಪುತ್ತೂರು, ಸುಳ್ಯ, ಕಡಬದ ರಸ್ತೆಗಳ ಬಗ್ಗೆ ಬರೆಯುವುದು ಭಟ್ಟರ ಹುಚ್ಚು. ಯಾವ ರಸ್ತೆ ಎಲ್ಲಿ ಹೊರಡುತ್ತದೆ, ಯಾವ ಸೇತುವೆ ದಾಟುತ್ತದೆ, ಎಲ್ಲವನ್ನೂ ಸ್ಕೂಟರಿನಲ್ಲಿ ಹೋಗಿ ನೋಡಿ ಬರೆದವರು ಅವರು. ಗಿರಾಕಿ ಪೈಪು ಕೇಳಿದರೆ ಮೊದಲು ಫೋನು ತೆಗೆದು ತಮ್ಮ ಪುಟ ತೋರಿಸುವರು, ಆಮೇಲೆ ಪೈಪು. ವಿಶ್ವಕೋಶದಲ್ಲಿ ಬರೆಯುವ ಉಳಿದವರು ಅವರನ್ನು ‘ರಸ್ತೆ ಭಟ್ಟರು’ ಎಂದು ಕರೆಯುತ್ತಿದ್ದರು. ಸಂಘದ ಅಧ್ಯಕ್ಷಗಿರಿ ಸಿಕ್ಕಿದ್ದರೂ ಅವರಿಗೆ ಅಷ್ಟು ಖುಷಿ ಆಗುತ್ತಿರಲಿಲ್ಲ.

ನಮ್ಮಲ್ಲಿ ರಸ್ತೆಗೆ ಹೆಸರು ಅದು ಹೋಗುವ ಊರಿನದ್ದು. ಪುತ್ತೂರಿನಲ್ಲಿ ನಿಂತು ಕೇಳಿದರೆ ಅದು ಕಡಬ ರಸ್ತೆ. ಕಡಬದಲ್ಲಿ ನಿಂತು ಕೇಳಿದರೆ ಅದೇ ಡಾಂಬರು ಪುತ್ತೂರು ರಸ್ತೆ. ಬಸ್ಸು ಹತ್ತುವವರಿಗೆ ಇದರಿಂದ ತಲೆಬಿಸಿ ಏನಿಲ್ಲ. ಆದರೆ ವಿಶ್ವಕೋಶದ ಪುಟಕ್ಕೆ ಒಂದೇ ತಲೆಬರಹ ಬೇಕು. ದೊಡ್ಡ ಊರು ಮೊದಲು, ಸಣ್ಣ ಊರು ಆಮೇಲೆ ಎಂದು ಭಟ್ಟರು ತಾವೇ ನಿಯಮ ಮಾಡಿ ‘ಪುತ್ತೂರು–ಕಡಬ ರಸ್ತೆ’ ಎಂದು ಬರೆದಿದ್ದರು. ಯಾರೂ ಪ್ರಶ್ನಿಸಿರಲಿಲ್ಲ. ರಸ್ತೆಗಳ ಬಗ್ಗೆ ಬರೆಯುವವರು ಅವರೊಬ್ಬರೇ ಅಲ್ಲವೇ!

ಆಗ ಬಂದಳು ತೃಪ್ತಿ ರೈ. ಕಡಬದವಳು, ಪುತ್ತೂರಿನ ವಿಮಾ ಕಚೇರಿಯಲ್ಲಿ ಕೆಲಸ. ದಿನಾ ಅದೇ ರಸ್ತೆಯ ಬಸ್ಸಿನಲ್ಲಿ ಕೂತು ಫೋನಿನಲ್ಲೇ ಬರೆಯುತ್ತಿದ್ದಳು. ಒಂದು ದಿನ ಚರ್ಚಾಪುಟದಲ್ಲಿ ಹಾಕಿದಳು: ‘ಯಾವ ಊರು ದೊಡ್ಡದು ಎಂದು ನಾವು ಯಾಕೆ ತೀರ್ಮಾನಿಸಬೇಕು? ಅಕ್ಷರಮಾಲೆಯಲ್ಲಿ ಮೊದಲು ಬರುವ ಊರು ಮೊದಲು ಇರಲಿ. ಕಡಬ–ಪುತ್ತೂರು ರಸ್ತೆ. ಇನ್ನೊಂದು ಹೆಸರಿನಿಂದ ಹುಡುಕಿದರೂ ಅದೇ ಪುಟ ತೆರೆಯುವಂತೆ ಮಾಡೋಣ.’

ಅದರ ಕೆಳಗೆ ಹೊಗಳಿಕೆಯೋ ಹೊಗಳಿಕೆ. ‘ಎಷ್ಟು ಸ್ಪಷ್ಟವಾಗಿ ಬರೆದಿದ್ದೀರಿ!’ ‘ಇದು ಮೊದಲೇ ಯಾಕೆ ಹೊಳೆಯಲಿಲ್ಲ!’ ಭಟ್ಟರ ಹಳೆಯ ದೋಸ್ತಿ, ಸುಳ್ಯದ ಕುಶಾಲಪ್ಪನಂತೂ ಹೀಗೆ ಬರೆದ: ‘ಪುತ್ತೂರಿನ ಜೊತೆ ಬಂದರೆ ನಮ್ಮ ಸುಳ್ಯಕ್ಕೆ ಎರಡು ನಿಯಮದಲ್ಲೂ ಎರಡನೇ ಜಾಗವೇ. ಆದರೂ ತೃಪ್ತಿಯವರು ಹೇಳುವುದೇ ಸರಿ.’

ಭಟ್ಟರ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಬಂದವಳು! ಬಸ್ಸಿನಲ್ಲಿ ಕೂತು ಬರೆಯುವವಳು! ಬಿಸಿಲಲ್ಲಿ ಸ್ಕೂಟರು ಓಡಿಸಿ ಬೆನ್ನು ನೋಯಿಸಿಕೊಂಡದ್ದು ಯಾರು? ಅವಳ ಮಾತಿನಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಸಿಗಲಿಲ್ಲ ಎಂಬುದಕ್ಕೆ ಇನ್ನಷ್ಟು ಉರಿಯಿತು. ಈ ನಿಯಮ ಪಾಸಾದರೆ ತಾವು ಇಟ್ಟ ಹೆಸರುಗಳೆಲ್ಲ ಹೋಗುತ್ತವೆ, ನಾಳೆ ರಸ್ತೆ ಎಂದರೆ ತೃಪ್ತಿ ಎನ್ನುತ್ತಾರೆ, ತಮ್ಮನ್ನು ಕೇಳುವ ನಾಯಿಯೂ ಇರುವುದಿಲ್ಲ ಎಂದು ಅವರಿಗೆ ಖಾತ್ರಿಯಾಯಿತು.

“ಎಂತ ಮಾರಾಯ್ರೆ, ಮುಖ ಹರಳೆಣ್ಣೆ ಕುಡಿದವರ ಹಾಗೆ ಉಂಟು?” ಎಂದು ಹೆಂಡತಿ ಪರಮೇಶ್ವರಿ ಕೇಳಿದರು.

“ಆ ಹುಡುಗಿಗೆ ಎಲ್ರೂ ಸಪೋರ್ಟ್ ಮಾಡುದು. ನನಗೆ ಜನ ಇಲ್ವಾ? ನಾನೂ ತೋರಿಸ್ತೇನೆ.”

ಆ ವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಸಂಘದ ಚುನಾವಣೆ ಗೆದ್ದವರಿಗೆ ಜನ ಸೇರಿಸುವುದು ಹೇಳಿಕೊಡಬೇಕೇ? ನೆಂಟರು ಹೋಳಿಗೆ ಉಂಡು ವೀಳ್ಯ ಹಾಕಿಕೊಂಡು ಚಾವಡಿಯಲ್ಲಿ ಕೂತದ್ದೇ ತಡ, ಭಟ್ಟರು ಎಲ್ಲರ ಫೋನಿನಲ್ಲೂ ವಿಶ್ವಕೋಶದ ಖಾತೆ ತೆರೆಸಿದರು. ಆ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಎಲ್ಲರಿಗೂ ಮನೆಯ ವೈಫೈ. ಚರ್ಚಾಪುಟದಲ್ಲಿ ಏನು ಬರೆಯಬೇಕೆಂದು ಕುಟುಂಬದ ವಾಟ್ಸಾಪ್ ಗುಂಪಿಗೆ ಮೊದಲೇ ಕಳಿಸಿದ್ದರು: ‘ಶ್ರೀ ಗೌರೀಶಂಕರರ ನಿಯಮಕ್ಕೆ ನನ್ನ ಬೆಂಬಲ.’ ಅಣ್ಣನ ಮಗ ಕಿಶನ್ ಹಾಕಿದ, ಪುರೋಹಿತರು ಹಾಕಿದರು, ಬಡಿಸಲು ಬಂದವರೂ ಹಾಕಿದರು. ತಂಗಿ ಶಾಂಭವಿ ಮಾತ್ರ ಕೆಳಗೆ ಒಂದು ಸಾಲು ಸೇರಿಸಿದಳು: ‘ಹೋಳಿಗೆ ಲಾಯ್ಕ ಇತ್ತು.’

ವಿಶ್ವಕೋಶದಲ್ಲಿ ತಲೆ ಎಣಿಸಿ ಗೆಲ್ಲಿಸುವುದಿಲ್ಲ, ವಾದ ನೋಡುತ್ತಾರೆ ಎಂಬುದು ಭಟ್ಟರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊಟ್ಟೆಕಿಚ್ಚಿನಲ್ಲಿ ಮರೆತಿತ್ತು.

ಮರುದಿನ ಅಂಗಡಿಯಲ್ಲಿ ಫೋನು ತೆರೆದರೆ ಕೆಂಪು ಸೂಚನೆ. ಒಂದೇ ಮನೆಯ ಸಂಪರ್ಕದಿಂದ ರಾಶಿ ಖಾತೆ, ಎಲ್ಲದರಲ್ಲೂ ಒಂದೇ ಮಾತು. ಇವೆಲ್ಲ ಒಬ್ಬನೇ ಮಾಡಿದ ನಕಲಿ ಖಾತೆಗಳು ಎಂದು ವಿಶ್ವಕೋಶದ ನಿರ್ವಾಹಕರು ತೀರ್ಮಾನಿಸಿ, ಭಟ್ಟರನ್ನೂ ಸೇರಿಸಿ ಎಲ್ಲರನ್ನೂ ತಡೆಹಿಡಿದಿದ್ದರು. ತಾವೇ ಬರೆದ ಪುಟದಲ್ಲಿ ಒಂದು ಚುಕ್ಕಿ ಇಡಲೂ ಭಟ್ಟರಿಗೆ ಇನ್ನು ಆಗುವಂತಿರಲಿಲ್ಲ. ಗಿರಾಕಿ ಎದುರು ನಿಂತು ಪೈಪು ಕೇಳುತ್ತಿದ್ದರೂ ಅವರ ಕಿವಿಗೆ ಬೀಳಲಿಲ್ಲ.

ಸಂಜೆ ಅಂಗಡಿಯ ಎದುರು ಬಸ್ಸು ನಿಂತು ಒಬ್ಬಳು ಇಳಿದಳು. “ಶಂಕರಣ್ಣ ಅಲ್ವಾ? ನಾನು ತೃಪ್ತಿ.”

ಭಟ್ಟರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ನಗ್ಲಿಕ್ಕೆ ಬಂದದ್ದಾ?”

“ಅಲ್ಲಣ್ಣ. ನಿಮ್ಮ ತಡೆ ತೆಗೆದ್ರು ಅಂತ ಹೇಳ್ಲಿಕ್ಕೆ. ಅವರು ನಕಲಿ ಅಲ್ಲ, ನೆಂಟರು ಅಂತ ನಾನು ನಿರ್ವಾಹಕರಿಗೆ ಬರೆದೆ. ನಮ್ಮ ಊರಲ್ಲಿ ಊಟ ಹಾಕಿ ಜನ ಸೇರಿಸುದು ಪದ್ಧತಿ, ವಿಶ್ವಕೋಶದ ಕ್ರಮ ಬೇರೆ ಅಂತ ನೆಂಟರಿಗೆ ಗೊತ್ತಿಲ್ಲ ಅಂತಲೂ ಬರೆದೆ. ಹೋಳಿಗೆ ಸುದ್ದಿ ಬರೆಯುವ ನಕಲಿ ಖಾತೆ ಎಲ್ಲಾದ್ರೂ ಉಂಟಾ?”

ನಗು ಬರಬೇಕಾದ ಮಾತು. ಭಟ್ಟರಿಗೆ ಬರಲಿಲ್ಲ. “ನಿಮ್ಮ ನಿಯಮ ಪಾಸಾಯ್ತಲ್ಲ. ಇನ್ನು ನನ್ನಿಂದ ಎಂತ ಬೇಕು?”

“ಪಾಸಾಗ್ಲಿಲ್ಲ. ನೀವು ಹೇಳದೆ ಮುಗಿಸುದು ಬೇಡ ಅಂತ ನಾನೇ ನಿಲ್ಲಿಸಿದೆ.” ಅವಳು ಬಸ್ಸು ಬರುವ ದಾರಿ ನೋಡಿದಳು. “ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ದೊಡ್ಡ ಊರು ಮೊದಲು ಅಂತ ನಿಮ್ಮ ನಿಯಮ. ನೀವು ಎಲ್ಲಕ್ಕಿಂತ ಮೊದಲು ಬರೆದ ಪುಟ ‘ಕಬಕ–ವಿಟ್ಲ ರಸ್ತೆ’. ವಿಟ್ಲಕ್ಕಿಂತ ಕಬಕ ದೊಡ್ಡದಾ ಅಣ್ಣ?”

ಭಟ್ಟರು ಫೋನು ತೆಗೆದು ಆ ಪುಟ ನೋಡಿದರು. ಹೌದು. ತಮ್ಮ ಊರೆಂದು ಮೊದಲು ಹಾಕಿದ್ದು. ಇಷ್ಟು ವರ್ಷ ತಮಗೇ ಅದು ಕಂಡಿರಲಿಲ್ಲ.

“ಇದನ್ನು ಚರ್ಚೆಯಲ್ಲಿ ಹಾಕಿದ್ರೆ ಒಂದೇ ಏಟಿಗೆ ಮುಗೀತಿತ್ತು. ಯಾಕೆ ಹಾಕ್ಲಿಲ್ಲ?”

“ಎಲ್ರ ಎದುರು ನಿಮ್ಮನ್ನು ಸೋಲಿಸುದು ನನಗೆ ಬೇಡ ಆಗಿತ್ತು. ಆ ಪುಟ ಓದಿಯೇ ನಾನು ಬರೀಲಿಕ್ಕೆ ಕಲ್ತದ್ದು.” ಇಷ್ಟು ಹೇಳಿ, ಪುತ್ತೂರಿನ ಬಸ್ಸು ಬಂತೆಂದು ಓಡಿ ಹತ್ತಿಕೊಂಡಳು.

ಅಯ್ಯೋ ದೇವರೇ! ಅವಳು ಬೈದಿದ್ದರೆ ಭಟ್ಟರು ಬದುಕಿಕೊಳ್ಳುತ್ತಿದ್ದರು. ಅಂಗಡಿಯ ಬಾಗಿಲು ಬೇಗ ಎಳೆದು ಮನೆಗೆ ಹೋದವರೇ ಲ್ಯಾಪ್‌ಟಾಪ್ ಮುಂದೆ ಕೂತು ‘ತೃಪ್ತಿಯವರ ನಿಯಮಕ್ಕೆ ನನ್ನ ಒಪ್ಪಿಗೆ’ ಎಂದು ಬರೆದರು. ಕುಶಾಲಪ್ಪ ಅದರ ಕೆಳಗೆ ಕೂಡಲೇ ಚರ್ಚೆ ಮುಗಿಯಿತೆಂದು ಹಾಕಿದ. ಭಟ್ಟರು ಪುಟಗಳ ಹೆಸರು ಬದಲಿಸಲು ಶುರು ಮಾಡಿದರು, ಒಂದಾದ ಮೇಲೆ ಒಂದು, ತಿಂಡಿಗೂ ಏಳದೆ. ಹೆಸರು ಬದಲಿಸಿದವರು ಯಾರೆಂದು ಪ್ರತಿ ಪುಟದ ಇತಿಹಾಸದಲ್ಲೂ ಉಳಿಯುತ್ತದೆ. ಅಲ್ಲಿ ಅವಳ ಹೆಸರು ಬೀಳಬಾರದು! ಅವಳು ಫೋನು ತೆರೆಯುವ ಮೊದಲು ಎಲ್ಲವನ್ನೂ ತಾವೇ ಮುಗಿಸಬೇಕು.

ಮುಗಿಸಿದರು. ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅವಳ ಸಂದೇಶ ಬಂತು: ‘ಎಲ್ಲವನ್ನೂ ನೀವೇ ಬದಲಿಸಿದಿರಾ ಶಂಕರಣ್ಣ! ಇಷ್ಟು ದೊಡ್ಡ ಮನಸ್ಸು ನನಗೆ ಇರುತ್ತಿರಲಿಲ್ಲ.’ ಅದರ ಕೆಳಗೆ ಕುಶಾಲಪ್ಪ, ಅವನ ಕೆಳಗೆ ಉಳಿದವರು, ಎಲ್ಲರೂ ರಸ್ತೆ ಭಟ್ಟರ ದೊಡ್ಡ ಮನಸ್ಸನ್ನು ಹೊಗಳಿದ್ದರು.

ಪರಮೇಶ್ವರಿ ಹಿಂದಿನಿಂದ ಬಗ್ಗಿ ಎಲ್ಲವನ್ನೂ ಓದಿದರು. “ಬೇಕಾದ್ದು ಸಿಕ್ಕಿತಲ್ಲ. ಈಗ ಸಮಾಧಾನ ಆಯ್ತಾ?”

“ಇಲ್ಲ ಮಾರಾಯ್ತಿ,” ಎಂದರು ಭಟ್ಟರು, ಪರದೆಯಿಂದ ಕಣ್ಣು ಕೀಳದೆ. “ಆ ಮನಸ್ಸು ಇರುದು ಅವಳಿಗೆ.”